ಕಸದ ಕರಾರು: ಸಹಿ ಒಬ್ಬರದು, ಹೊಗೆ ಇನ್ನೊಬ್ಬರದು

ವೃಷಭಾವತಿಯ ನೀರು ಬೈರಮಂಗಲದ ಕೆರೆಗೆ ಬಂದು ಬೀಳುವುದಕ್ಕೆ ಯಾರೂ ಕರಾರು ಬರೆದುಕೊಟ್ಟಿರಲಿಲ್ಲ. ಬೆಂಗಳೂರಿನ ಪಶ್ಚಿಮ ಭಾಗದ ಚರಂಡಿಗಳೆಲ್ಲ ಒಂದು ನದಿಯ ಹೆಸರನ್ನು ಹೊತ್ತು, ಕೆಂಗೇರಿಯನ್ನು ದಾಟಿ, ಬಿಡದಿ ಹೋಬಳಿಯ ಆ ಕೆರೆಯಲ್ಲಿ ನೊರೆಯಾಗಿ ನಿಂತು, ಮುಂದೆ ಕನಕಪುರದ ಕಡೆಗೆ ಸಾಗಿ ಅರ್ಕಾವತಿಯನ್ನು ಕೂಡುತ್ತ ದಶಕಗಳೇ ಕಳೆದಿವೆ. ಕೆರೆಯ ಕೆಳಗಿನ ರೈತರು ಬೇರೆ ದಾರಿಯಿಲ್ಲದೆ ಅದೇ ನೀರಿನಲ್ಲಿ ಹಿಪ್ಪುನೇರಳೆ, ಮೇವಿನ ಹುಲ್ಲು, ಬೇಬಿ ಕಾರ್ನ್ ಬೆಳೆದರು. ಅಲ್ಲಿಯ ಮಣ್ಣಿನಲ್ಲಿಯೂ ಬೆಳೆಯಲ್ಲಿಯೂ ಭಾರಲೋಹಗಳು ಸೇರಿವೆಯೆಂದು ಸಂಶೋಧಕರು ಮತ್ತೆ ಮತ್ತೆ ಬರೆದರು. ಯಾರನ್ನು ಹೊಣೆ ಮಾಡುವುದು? ಕಾಗದವೇ ಇಲ್ಲದ ಕಡೆ ಸಹಿ ಹಾಕಿದವರನ್ನು ಎಲ್ಲಿ ಹುಡುಕುವುದು?

ಕಸದ ಕಥೆ ಹಾಗಲ್ಲ. ಕಸವು ಒಂದೂರಿನಿಂದ ಇನ್ನೊಂದೂರಿಗೆ ಹೋಗಬೇಕಾದರೆ ಟೆಂಡರು ಬೇಕು, ದರ ಬೇಕು, ಲಾರಿ ಬೇಕು, ಜಮೀನಿನ ಪಹಣಿ ಬೇಕು, ಕೊನೆಗೆ ಕರಾರುಪತ್ರದ ಮೇಲೆ ಎರಡು ಕಡೆಯವರ ಸಹಿ ಬೇಕು. ಆದ್ದರಿಂದ ಕಸದ ವಿಷಯದಲ್ಲಿ ಹೊಣೆಗಾರರನ್ನು ಗುರುತಿಸುವುದು ಅತ್ಯಂತ ಸುಲಭವಾಗಬೇಕಿತ್ತು. ಹಾಗಾಗದಿರುವುದಕ್ಕೆ ಕಾರಣ ಒಂದೇ. ಕರಾರಿನ ಷರತ್ತುಗಳನ್ನು ಕುಳಿತು ತೀರ್ಮಾನಿಸುವ ಕೋಣೆಯಲ್ಲಿ, ಆ ಕಸದ ಪಕ್ಕದಲ್ಲಿ ಬದುಕಬೇಕಾದವರಿಗೆ ಕುರ್ಚಿ ಹಾಕುವ ಪದ್ಧತಿ ಈ ರಾಜ್ಯದಲ್ಲಿ ಬೆಳೆದುಬಂದಿಲ್ಲ.

ಬಿಡದಿಯನ್ನೇ ನೋಡಬಹುದು. 2020ರ ಡಿಸೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಅಲ್ಲಿ ಕಸದಿಂದ ವಿದ್ಯುತ್ ತೆಗೆಯುವ ಸ್ಥಾವರಕ್ಕೆ ಶಂಕುಸ್ಥಾಪನೆ ನೆರವೇರಿಸಿದರು. ಕರ್ನಾಟಕ ವಿದ್ಯುತ್ ನಿಗಮವೂ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೂ ಜೊತೆಗೂಡಿ ಕೈಗೆತ್ತಿಕೊಂಡ ಯೋಜನೆ ಅದು. ದಿನಕ್ಕೆ 600 ಟನ್ ಕಸ, 11.5 ಮೆಗಾವಾಟ್ ವಿದ್ಯುತ್, ಸುಮಾರು 260 ಕೋಟಿ ರೂಪಾಯಿ ವೆಚ್ಚ ಎಂದು ಘೋಷಿಸಲಾಯಿತು. ಮೆಗಾವಾಟಿನ ಲೆಕ್ಕ ಪತ್ರಿಕೆಗಳಲ್ಲಿ ದೊಡ್ಡಕ್ಷರಗಳಲ್ಲಿ ಬಂತು. ಕರಾರಿನ ಎರಡು ಪಕ್ಷಗಳೂ ಬೆಂಗಳೂರಿನವು, ಕಸವೂ ಬೆಂಗಳೂರಿನದು, ನೆಲ ಮತ್ತು ಗಾಳಿ ಮಾತ್ರ ರಾಮನಗರ ತಾಲ್ಲೂಕಿನವು ಎಂಬ ಲೆಕ್ಕಕ್ಕೆ ಅಷ್ಟು ದೊಡ್ಡ ಅಕ್ಷರ ಸಿಗಲಿಲ್ಲ. ಬಿಡದಿಯ ಸ್ಥಳೀಯ ಸಂಸ್ಥೆ ಆ ಯೋಜನೆಯಲ್ಲಿ ಪಾಲುದಾರನಲ್ಲ. ಸುತ್ತಲಿನ ಗ್ರಾಮ ಪಂಚಾಯಿತಿಗಳಂತೂ ಅಲ್ಲವೇ ಅಲ್ಲ.

ಸ್ಥಾವರವು ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಏನಾಗುತ್ತದೆಂಬುದನ್ನು ಶಾಲೆಯ ಮಕ್ಕಳೂ ಲೆಕ್ಕ ಹಾಕಬಲ್ಲರು. ಹತ್ತು ಟನ್ನಿನ ಲಾರಿಯಾದರೆ ದಿನಕ್ಕೆ 60 ಲಾರಿ ಒಳಗೆ ಬರಬೇಕು. ಕಸವನ್ನು ಸುಟ್ಟರೆ ಅದು ಮಾಯವಾಗುವುದಿಲ್ಲ. ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಬೂದಿಯಾಗಿ ಉಳಿಯುತ್ತದೆ. ಅಂದರೆ ದಿನಕ್ಕೆ ಸುಮಾರು 150 ಟನ್, ವರ್ಷಕ್ಕೆ 50 ಸಾವಿರ ಟನ್ನಿಗೂ ಮಿಕ್ಕಿದ ಬೂದಿ. ಒಲೆಯ ಬೂದಿಯನ್ನು ಗದ್ದೆಗೆ ಹಾಕಿ ರೂಢಿಯಿರುವ ರೈತರು ಇದನ್ನು ಅದೇ ಬೂದಿಯೆಂದು ತಿಳಿಯಬಾರದು. ಬ್ಯಾಟರಿ, ಬಣ್ಣ, ಪಿ.ವಿ.ಸಿ. ಕೊಳವೆ, ಟ್ಯೂಬ್‌ಲೈಟು ಸೇರಿದ ಕಸದ ಬೂದಿಯಲ್ಲಿ, ಅದರಲ್ಲೂ ಹೊಗೆಯನ್ನು ಸೋಸಿದಾಗ ಸಿಗುವ ನುಣುಪಾದ ಹಾರುಬೂದಿಯಲ್ಲಿ, ಸೀಸ, ಕ್ಯಾಡ್ಮಿಯಂಗಳು ಸಾಂದ್ರಗೊಂಡಿರುತ್ತವೆ. ಆ ಬೂದಿ ಎಲ್ಲಿಗೆ ಹೋಗಬೇಕು, ಅದನ್ನು ಯಾರು ಯಾವ ಪ್ರಯೋಗಾಲಯದಲ್ಲಿ ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕು, ಫಲಿತಾಂಶವನ್ನು ಯಾರಿಗೆ ಕೊಡಬೇಕು ಎಂಬುದನ್ನು ಹೇಳಬೇಕಾದುದು ಕರಾರು. ಶಂಕುಸ್ಥಾಪನೆಯ ಫಲಕ ಅದನ್ನು ಹೇಳುವುದಿಲ್ಲ.

ರಾಮನಗರದಲ್ಲಿ ಈ ಪ್ರಶ್ನೆಗೆ ವಿಶೇಷವಾದ ಒಂದು ಮುಖವಿದೆ. ಏಷ್ಯಾದ ಅತಿ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಯೆಂದು ಹೆಸರಾದ ಊರು ಇದು. ರೇಷ್ಮೆಹುಳು ಹಿಪ್ಪುನೇರಳೆಯ ಸೊಪ್ಪನ್ನಲ್ಲದೆ ಬೇರೇನನ್ನೂ ತಿನ್ನುವುದಿಲ್ಲ. ಆ ಸೊಪ್ಪಿನ ಮೇಲೆ ಕೂತ ಹೊಗೆ, ಕೀಟನಾಶಕ, ಫ್ಲೋರೈಡನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಬಹಳ ಕಡಿಮೆ. ಮನುಷ್ಯನಿಗೆ ಕೆಮ್ಮು ಬರುವ ಮೊದಲೇ ಹುಳು ಸೊಪ್ಪು ಬಿಡುತ್ತದೆ. ಆದ್ದರಿಂದ ಯಾವುದೇ ಸುಡುವ ಸ್ಥಾವರದ ಕರಾರಿಗೆ ಸಹಿ ಬೀಳುವ ಮುನ್ನ ಸುತ್ತಲಿನ ಹತ್ತಾರು ತೋಟಗಳ ಸೊಪ್ಪನ್ನು, ಕೊಳವೆಬಾವಿಗಳ ನೀರನ್ನು, ಮಣ್ಣನ್ನು ಪರೀಕ್ಷಿಸಿ ಆ ಅಂಕಿಗಳನ್ನು ಕರಾರಿಗೇ ಲಗತ್ತಿಸಬೇಕು. ಮುಂದೊಂದು ವರ್ಷ ಗೂಡು ಹಾಳಾದಾಗ 'ಅದು ಮೊದಲೇ ಹಾಗಿತ್ತು' ಎಂದು ಹೇಳುವ ಅವಕಾಶವನ್ನು ಕಂಪನಿಗೂ ಕೊಡಬಾರದು, ಇಲಾಖೆಗೂ ಕೊಡಬಾರದು. ಇದಕ್ಕೆ ಹೊಸ ವಿಜ್ಞಾನವೇನೂ ಬೇಡ. ಮಣ್ಣು ಪರೀಕ್ಷೆ ಎಷ್ಟು ಸಾಮಾನ್ಯ ಕೆಲಸವೋ ಇದೂ ಅಷ್ಟೇ ಸಾಮಾನ್ಯ.

ಇನ್ನು ಈ ನಾಲ್ಕು ಪಟ್ಟಣಗಳ ಸ್ವಂತ ಕಸ. 2011ರ ಜನಗಣತಿಯಲ್ಲಿ ರಾಮನಗರ ಪಟ್ಟಣದಲ್ಲಿ ಸುಮಾರು 95 ಸಾವಿರ, ಚನ್ನಪಟ್ಟಣದಲ್ಲಿ 72 ಸಾವಿರ, ಕನಕಪುರದಲ್ಲಿ 54 ಸಾವಿರ, ಮಾಗಡಿಯಲ್ಲಿ 28 ಸಾವಿರ ಜನರಿದ್ದರು. ಒಟ್ಟು ಎರಡೂವರೆ ಲಕ್ಷ. ಸಣ್ಣ ಪಟ್ಟಣದಲ್ಲಿ ತಲೆಗೆ ದಿನಕ್ಕೆ 300ರಿಂದ 400 ಗ್ರಾಂ ಕಸವೆಂದು ಹಿಡಿದರೆ ನಾಲ್ಕೂ ಊರುಗಳದು ಸೇರಿ 75ರಿಂದ 100 ಟನ್. ಅಲ್ಲಿಂದೀಚೆಗೆ ಜನ ಹೆಚ್ಚಿದ್ದಾರೆ. ಇನ್ನೂ ಮೂವತ್ತೋ ನಲವತ್ತೋ ಟನ್ ಸೇರಿಸಿಕೊಳ್ಳೋಣವೆಂದರೂ ಬಿಡದಿಯ ಒಂದು ಸ್ಥಾವರಕ್ಕೆ ಬೇಕಾದ ಕಸದ ಕಾಲು ಭಾಗವನ್ನೂ ಇವು ತುಂಬಿಸಲಾರವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ಕೊಳೆತರೆ ಗೊಬ್ಬರ, ಸುಟ್ಟರೆ ಬರಿ ನೀರಾವಿ. ಇಷ್ಟು ಸಣ್ಣ ಸಮಸ್ಯೆಯನ್ನು ಊರೂರಿನಲ್ಲೇ ಬಗೆಹರಿಸಬಹುದು. ಹಾಗಿದ್ದೂ 'ಜಿಲ್ಲೆಯ ಕಸದ ಸಮಸ್ಯೆಗೆ ಶಾಶ್ವತ ಪರಿಹಾರ' ಎಂಬ ಮಾತಿನ ಮರೆಯಲ್ಲಿ ದೊಡ್ಡ ಸ್ಥಾವರ, ದೊಡ್ಡ ಹೊಂಡ, ದೀರ್ಘಾವಧಿಯ ಗುತ್ತಿಗೆಯನ್ನು ತಂದಿಡುವವರು ಯಾರ ಸಮಸ್ಯೆಯನ್ನು ಪರಿಹರಿಸುತ್ತಿದ್ದಾರೆಂದು ಕೇಳಲೇಬೇಕಾಗುತ್ತದೆ. 2025ರ ಮೇ ತಿಂಗಳಿನಲ್ಲಿ ಸಚಿವ ಸಂಪುಟವು ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಬದಲಿಸಲು ಒಪ್ಪಿತು. ಬೆಂಗಳೂರಿನ ಕೊಳಚೆ ನೀರು ಹೆಸರಿಗಾಗಿ ಕಾಯದೆ ಎಂದೋ ಬಂದಿತ್ತು.

2024ರಲ್ಲಿ ರಾಜಧಾನಿಯ ಕಸದ ಗುತ್ತಿಗೆಯನ್ನು 30 ವರ್ಷಗಳ ಅವಧಿಗೆ ಕೊಡುವ ಪ್ರಸ್ತಾಪ ದೊಡ್ಡ ರಾಜಕೀಯ ವಿವಾದವಾಯಿತು. ಎಚ್.ಡಿ. ಕುಮಾರಸ್ವಾಮಿಯವರು ಅವ್ಯವಹಾರದ ಆರೋಪ ಮಾಡಿದರು; ಬೆಂಗಳೂರು ನಗರಾಭಿವೃದ್ಧಿ ಖಾತೆಯ ಹೊಣೆ ಹೊತ್ತಿದ್ದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರರು ಅದನ್ನು ಅಲ್ಲಗಳೆದರು. ಒಬ್ಬರು ಆ ವರ್ಷದ ಜೂನ್‌ವರೆಗೆ ಚನ್ನಪಟ್ಟಣದ ಶಾಸಕರು, ಮತ್ತೊಬ್ಬರು ಕನಕಪುರದ ಶಾಸಕರು. ಆರೋಪದಲ್ಲಿ ಹುರುಳಿತ್ತೇ ಇಲ್ಲವೇ ಎಂಬುದು ತನಿಖೆಯಿಂದ ತಿಳಿಯಬೇಕಾದ ಸಂಗತಿ, ಇಲ್ಲಿ ಅದರ ತೀರ್ಪು ಬೇಕಿಲ್ಲ. ಗಮನಿಸಬೇಕಾದುದು ವಾಗ್ವಾದದ ವಸ್ತು. ಎಷ್ಟು ಕೋಟಿ, ಯಾರಿಗೆ ಲಾಭ ಎಂಬ ಮಾತು ದಿನಗಟ್ಟಲೆ ನಡೆಯಿತು. ನಗರದಿಂದ ಹೊರಗೆ ನೂರಾರು ಎಕರೆಯಲ್ಲಿ ಕಸವನ್ನು ಸಂಸ್ಕರಿಸುವುದಾದರೆ ಆ 'ಹೊರಗೆ' ಎಂಬ ಊರಿಗೆ ಹೆಸರಿದೆಯೇ, ಅಲ್ಲಿ ಗ್ರಾಮಸಭೆ ನಡೆಯಿತೇ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಎದ್ದು ಕೇಳಲಿಲ್ಲ. ಎರಡು ದೊಡ್ಡ ನಾಯಕತ್ವಗಳಿರುವ ಜಿಲ್ಲೆಗೇ ಈ ಗತಿಯಾದರೆ ಧ್ವನಿಯಿಲ್ಲದ ಜಿಲ್ಲೆಗಳ ಪಾಡೇನು?

ಮೂವತ್ತು ವರ್ಷವೆಂದರೆ ಆರು ಚುನಾವಣೆಗಳು. ಐದು ವರ್ಷಕ್ಕೆ ಆಯ್ಕೆಯಾದ ಸಭೆಯೊಂದು ಮುಂದಿನ ಐದು ಸಭೆಗಳ ಕೈಯನ್ನೂ ಕಟ್ಟಿಹಾಕಬಲ್ಲ ಕಾಗದ ಇದು. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದಾಗ ಹನ್ನೆರಡನೆಯ ಅನುಸೂಚಿಯಲ್ಲಿ ಘನತ್ಯಾಜ್ಯ ನಿರ್ವಹಣೆಯನ್ನು ಸ್ಪಷ್ಟವಾಗಿ ಪೌರಸಂಸ್ಥೆಗಳ ಕೆಲಸವೆಂದು ಬರೆಯಲಾಯಿತು. ಬರೆದದ್ದು ಹಾಗೆ, ನಡೆದದ್ದು ಬೇರೆ. 1990ರ ದಶಕದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಮೈಸೂರು, ತುಮಕೂರು, ರಾಮನಗರ, ಚನ್ನಪಟ್ಟಣಗಳ ಮೂಲಸೌಕರ್ಯ ಯೋಜನೆ ಬಂದಾಗ ಅದನ್ನು ನಡೆಸಿದ್ದು ರಾಜ್ಯ ಸರ್ಕಾರದ ನಗರ ಮೂಲಸೌಕರ್ಯ ಹಣಕಾಸು ನಿಗಮ. ಬೆಂಗಳೂರಿನ ಒತ್ತಡವನ್ನು ತಗ್ಗಿಸಲು ಸುತ್ತಲಿನ ಪಟ್ಟಣಗಳನ್ನು ಬೆಳೆಸುವುದು ಅದರ ಘೋಷಿತ ಉದ್ದೇಶ. ಅಂದಿನಿಂದ ಇಂದಿನವರೆಗೆ ದೊಡ್ಡ ಕಾಮಗಾರಿಗಳ ವರದಿ, ಅಂದಾಜು, ಟೆಂಡರಿನ ಕರಡು ಮೇಲಿನಿಂದ ಇಳಿದು ಬರುವುದು, ನಗರಸಭೆಯು ಕೊನೆಯ ಹಂತದಲ್ಲಿ 'ಅನುಮೋದಿಸಲಾಗಿದೆ' ಎಂದು ನಡಾವಳಿಯಲ್ಲಿ ಬರೆದುಕೊಳ್ಳುವುದು ಒಂದು ರೂಢಿಯಾಗಿದೆ.

ಆ ಸಭೆಯಾದರೂ ಸದಾ ಇರುತ್ತದೆಯೇ? 2018ರಲ್ಲಿ ರಾಜ್ಯದ ಅನೇಕ ಪಟ್ಟಣಗಳಲ್ಲಿ ಚುನಾವಣೆ ನಡೆದು ಸದಸ್ಯರು ಗೆದ್ದರೂ ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದ 2020ರ ಕೊನೆಯವರೆಗೆ ಅಧ್ಯಕ್ಷರೇ ಇರಲಿಲ್ಲ. ಕನಕಪುರ ನಗರಸಭೆ, ಮಾಗಡಿ ಪುರಸಭೆಗಳಿಗೆ ಚುನಾವಣೆ ನಡೆದದ್ದು 2019ರ ನವೆಂಬರಿನಲ್ಲಿ. ರಾಮನಗರ, ಚನ್ನಪಟ್ಟಣಗಳಿಗೆ 2021ರ ಏಪ್ರಿಲಿನಲ್ಲಿ. ಮಂಡಳಿಯಿಲ್ಲದ ಕಾಲದಲ್ಲಿ ಆಡಳಿತಾಧಿಕಾರಿಯ ಒಂದು ಸಹಿ ಇಡೀ ಸಭೆಯ ನಿರ್ಣಯಕ್ಕೆ ಸಮ. ಬೀದಿದೀಪದ ಬಲ್ಬು ಬದಲಿಸಲು ಅದು ಸಾಕು. ಒಂದು ತಲೆಮಾರಿನ ಕಸವನ್ನು ಒತ್ತೆಯಿಡಲು ಸಾಕೇ? ವಾರ್ಡ್ ಸಮಿತಿಗಳಾದರೂ ಇವೆಯೇ ಎಂದರೆ, ಸಂವಿಧಾನದ 243-ಎಸ್ ವಿಧಿಯು ಅವನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಹೆಚ್ಚು ಜನರಿರುವ ಪೌರಸಂಸ್ಥೆಗಳಲ್ಲಿ. ನಾಲ್ಕೂ ಪಟ್ಟಣಗಳನ್ನು ಕೂಡಿಸಿದರೂ 2011ರ ಲೆಕ್ಕದಲ್ಲಿ ಆ ಮಿತಿಯನ್ನು ಮುಟ್ಟುತ್ತಿರಲಿಲ್ಲ. ಹಳ್ಳಿಯವನಿಗೆ ಕಾಯಿದೆಯ ಪ್ರಕಾರ ಗ್ರಾಮಸಭೆಯಿದೆ, ಪೇಟೆಯವನಿಗೆ ಅದೂ ಇಲ್ಲ.

ಹಾಗಾದರೆ ಕರಾರಿನೊಳಗೆ ಅಡಗಿರುವುದೇನು? ಟೆಂಡರಿನಲ್ಲಿ ಪೈಪೋಟಿ ನಡೆಯುವುದು ದರಕ್ಕೆ. ಊರಿನ ಹಣೆಬರಹ ಬರೆಯುವುದು ಷರತ್ತುಗಳು. ಎಲ್ಲಕ್ಕಿಂತ ಅಪಾಯಕಾರಿಯಾದುದು 'ಕನಿಷ್ಠ ಪ್ರಮಾಣದ ಖಾತರಿ'. ಇಷ್ಟು ಟನ್ ಕಸವನ್ನು ದಿನವೂ ಒದಗಿಸುತ್ತೇವೆ, ಒದಗಿಸದಿದ್ದರೂ ಅಷ್ಟಕ್ಕೆ ಹಣ ಕೊಡುತ್ತೇವೆ ಎಂಬ ಮಾತು. ಉದಾಹರಣೆಗೆ ಒಂದು ಪಟ್ಟಣ 50 ಟನ್ನಿಗೆ ಖಾತರಿ ಬರೆದುಕೊಟ್ಟಿತೆನ್ನಿ. ಗೃಹಿಣಿಯರು ಹಸಿ ಕಸವನ್ನು ಹಿತ್ತಲಿನಲ್ಲೇ ಗೊಬ್ಬರ ಮಾಡಿ, ಶಾಲೆಯ ಮಕ್ಕಳು ಪ್ಲಾಸ್ಟಿಕ್ಕನ್ನು ಬೇರೆ ಮಾಡಿ, ಕಸ 30 ಟನ್ನಿಗೆ ಇಳಿದರೆ ಊರು ಇಲ್ಲದ 20 ಟನ್ ಕಸಕ್ಕೂ ತೆರಿಗೆಯ ಹಣದಿಂದ ದುಡ್ಡು ಕೊಡುತ್ತದೆ. ಕಸ ಕಡಿಮೆ ಮಾಡಿದ್ದಕ್ಕೆ ದಂಡ! ಅಂಥ ಕರಾರಿಗೆ ಸಹಿ ಹಾಕಿದ ನಗರಸಭೆ ಮರುದಿನ 'ಕಸ ವಿಂಗಡಿಸಿ' ಎಂದು ಗೋಡೆಯ ಮೇಲೆ ಬರೆಸಿದರೆ ಅದನ್ನು ನಗೆಬರಹವೆಂದೇ ಓದಬೇಕು.

ಎರಡನೆಯದು ತೂಕ. ಟನ್ನಿನ ಲೆಕ್ಕದಲ್ಲಿ ಹಣ ಕೊಡುವ ಗುತ್ತಿಗೆಯಲ್ಲಿ ಒದ್ದೆ ಕಸಕ್ಕೆ ಬೆಲೆ ಹೆಚ್ಚು, ಮಣ್ಣು ಬೆರೆತ ಕಸಕ್ಕೆ ಇನ್ನೂ ಹೆಚ್ಚು. ವೇಬ್ರಿಡ್ಜ್ ಯಾರ ಆವರಣದಲ್ಲಿದೆ, ಅದರ ಚೀಟಿಯನ್ನು ಯಾರು ನೋಡಬಹುದು ಎಂಬ ಸಣ್ಣ ಮಾತಿನಲ್ಲಿ ಕೋಟಿಗಳು ನಿಂತಿರುತ್ತವೆ. ಮಾರುಕಟ್ಟೆಯಲ್ಲಿ ಮಾವಿನಕಾಯಿಯ ತೂಕದಲ್ಲಿ ಮೋಸ ತಿಂದು ಪಳಗಿದ ಮಾಗಡಿ, ರಾಮನಗರದ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯದು ಹೊಂಡದ ಆಯುಷ್ಯ. ಹೊಂಡ ತುಂಬಿ ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ಅದರ ರಸವನ್ನು, ಅನಿಲವನ್ನು, ಅಂತರ್ಜಲವನ್ನು ನೋಡಿಕೊಳ್ಳಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದ್ದವು. ಗುತ್ತಿಗೆದಾರನ ಠೇವಣಿ ಆ 15 ವರ್ಷಗಳ ಕಾಲವೂ ಹಿಡಿದಿಟ್ಟಿರುತ್ತದೆಯೇ, ಅಥವಾ ಕೊನೆಯ ಬಿಲ್ಲಿನ ಜೊತೆಗೇ ಹಿಂದಿರುಗುತ್ತದೆಯೇ? ಹಿಂದಿರುಗುವುದಾದರೆ ಉಳಿದ ಹೊಣೆ ಪಂಚಾಯಿತಿಯ ತಲೆಗೆ.

ಇವುಗಳ ಮೇಲೆ ಪೂರಕ ಒಪ್ಪಂದಗಳೆಂಬ ಮತ್ತೊಂದು ಮಾಯೆ. ಮೂಲ ಟೆಂಡರು ಎಲ್ಲರ ಕಣ್ಣೆದುರು ನಡೆದಿರಬಹುದು. ಎರಡು ವರ್ಷದ ಮೇಲೆ 'ಪರಿಸ್ಥಿತಿ ಬದಲಾದ ಕಾರಣ' ದರವೂ ಪ್ರಮಾಣವೂ ಬದಲಾಗುವುದು ನಾಲ್ಕು ಗೋಡೆಗಳ ನಡುವೆ.

ಇದನ್ನೆಲ್ಲ ಸಹಿಗೆ ಮುಂಚೆ ಬಹಿರಂಗಪಡಿಸಿ ಎಂದರೆ ಅಧಿಕಾರಿಗಳಿಂದ ಸಿದ್ಧವಾಗಿ ಬರುವ ಉತ್ತರಗಳು ಹೆಚ್ಚೇನಿಲ್ಲ. ವ್ಯಾಪಾರದ ಗೋಪ್ಯತೆ ಎನ್ನುತ್ತಾರೆ. ಬಿಡ್‌ದಾರನ ದರವನ್ನು ಲಕೋಟೆ ಒಡೆಯುವವರೆಗೆ ಗುಟ್ಟಾಗಿಡುವುದು ನ್ಯಾಯವೇ. ಷರತ್ತುಗಳ ಕರಡು ಯಾರ ವ್ಯಾಪಾರದ ಗುಟ್ಟು? ಅದನ್ನು ಬರೆದದ್ದು ಸರ್ಕಾರ. ರಾಜ್ಯದ 1999ರ ಪಾರದರ್ಶಕತೆ ಕಾಯಿದೆ ಸಾರ್ವಜನಿಕ ಖರೀದಿಗೆಂದೇ ಬಂದದ್ದು. 2005ರ ಮಾಹಿತಿ ಹಕ್ಕು ಕಾಯಿದೆಯ 4(1)(ಸಿ) ಪ್ರಕರಣವಂತೂ ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿಗಳನ್ನು ರೂಪಿಸುವಾಗ, ನಿರ್ಧಾರಗಳನ್ನು ಪ್ರಕಟಿಸುವಾಗ, ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಯಾರೂ ಕೇಳದೆಯೇ ಪ್ರಕಟಿಸಬೇಕೆನ್ನುತ್ತದೆ. ಹಳ್ಳಿಯವರಿಗೆ ತಾಂತ್ರಿಕ ವಿಷಯ ಅರ್ಥವಾಗದೆಂಬುದು ಇನ್ನೊಂದು ಉತ್ತರ. ನೂರು ಪುಟಗಳ ಇಂಗ್ಲಿಷ್ ಕರಾರು ಅದಕ್ಕೆ ಸಹಿ ಹಾಕುವ ಸದಸ್ಯರಲ್ಲಿಯೇ ಎಷ್ಟು ಜನರಿಗೆ ಅರ್ಥವಾಗಿರುತ್ತದೆ? ಆಡಳಿತ ಭಾಷೆ ಕನ್ನಡವೆಂದು ಫಲಕ ಹಾಕಿದ ಕಚೇರಿ, ಊರಿನ ನೆಲ ನೀರಿಗೆ ಸಂಬಂಧಿಸಿದ ಕಾಗದವನ್ನು ಕನ್ನಡದಲ್ಲಿ ಕೊಡಲಾರೆನೆಂದರೆ ಅದು ತಾಂತ್ರಿಕ ಅಡಚಣೆಯಲ್ಲ.

ಮೂರನೆಯ ಉತ್ತರ ಮಾತ್ರ ನಾಟುವಂಥದು: 'ಕಸ ಎಸೆಯುವವರೂ ನೀವೇ, ಘಟಕ ಬೇಡವೆನ್ನುವವರೂ ನೀವೇ.' ಇದರಲ್ಲಿ ಸತ್ಯವಿದೆ. ಹೆದ್ದಾರಿಯ ಮಗ್ಗುಲಲ್ಲಿ, ಕೆರೆಯ ಏರಿಯ ಮೇಲೆ, ಕಣ್ವಾ ಕಾಲುವೆಯ ದಡದಲ್ಲಿ ಕೋಳಿ ಅಂಗಡಿಯ ತ್ಯಾಜ್ಯ, ಛತ್ರಗಳ ಊಟದೆಲೆ, ಪ್ಲಾಸ್ಟಿಕ್ ಲೋಟ ಸುರಿಯುವವರು ಬೇರೆ ಲೋಕದವರಲ್ಲ. ಬೇಸಗೆಯಲ್ಲಿ ಮಾವಿನ ಮಂಡಿಗಳ ಕೊಳೆತ ಹಣ್ಣು, ವರ್ಷವಿಡೀ ರೇಷ್ಮೆ ಬಿಚ್ಚಣಿಕೆಯ ನೀರು ಚರಂಡಿಗೆ ಇಳಿಯುವುದೂ ಸುಳ್ಳಲ್ಲ. ಆದರೆ ಈ ತಪ್ಪು ಬಿಕ್ಕಟ್ಟಿನ ಮೊದಲರ್ಧ ಮಾತ್ರ. ಬೇರೆ ಮಾಡಿ ಕೊಟ್ಟ ಕಸವನ್ನು ಒಂದೇ ಲಾರಿಗೆ ಸುರಿದುಕೊಂಡು ಹೋಗುವ ಗುತ್ತಿಗೆಯನ್ನು ಬರೆದವರು ಊರಿನವರಲ್ಲ. ವಿಂಗಡಿಸದ ಕಸದಿಂದ ಮಾಡಿದ ಗೊಬ್ಬರವನ್ನು ರೈತ ಏಕೆ ಮುಟ್ಟುವುದಿಲ್ಲವೆಂಬುದಕ್ಕೆ ಕಾರಣ ರಸಗೊಬ್ಬರ ನಿಯಂತ್ರಣ ಆದೇಶದಲ್ಲೇ ಇದೆ: ನಗರ ಕಾಂಪೋಸ್ಟಿನ ಒಂದು ಕಿಲೋದಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಬ್ಯಾಟರಿ, ಬಳಸಿ ಬಿಸಾಡಿದ ಬಣ್ಣದ ಡಬ್ಬಿ ಬೆರೆತ ರಾಶಿಯನ್ನು ಎಷ್ಟು ಸೋಸಿದರೂ ಆ ಮಿತಿಯೊಳಗೆ ನಿಲ್ಲಿಸುವುದು ಕಷ್ಟ. ಗಾಜಿನ ಚೂರು ಬೇರೆ.

ಮಾವಳ್ಳಿಪುರದಲ್ಲಿ ಇದೆಲ್ಲ ಆಗಿಹೋಗಿದೆ. ಯಲಹಂಕದ ಆಚೆಯ ಆ ಹಳ್ಳಿಯ ಬಳಿ ಬೆಂಗಳೂರಿನ ಪಾಲಿಕೆ ಖಾಸಗಿ ಕಂಪನಿಯ ಜೊತೆ ಕರಾರು ಮಾಡಿಕೊಂಡು ಕಸದ ಹೊಂಡ ತೆರೆಯಿತು. ಬಾವಿಯ ನೀರು ಕೆಟ್ಟಿತು, ಜನ ಲಾರಿಗಳೆದುರು ನಿಂತರು, 2012ರ ಜುಲೈನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಿಂದ ಹೊಂಡ ಮುಚ್ಚಿತು. ಮುಂದಿನ ತಿಂಗಳುಗಳಲ್ಲಿ ರಾಜಧಾನಿಯ ಬೀದಿಗಳಲ್ಲಿ ಕಸ ರಾಶಿಬಿದ್ದುದನ್ನು ಜಗತ್ತೇ ನೋಡಿತು. ಮೂಲದಲ್ಲೇ ವಿಂಗಡಿಸಬೇಕೆಂದು ಉಚ್ಚ ನ್ಯಾಯಾಲಯ ಹೇಳಬೇಕಾಯಿತು. ಅಲ್ಲಿಂದ ಕಸ ಮಂಡೂರಿಗೆ ತಿರುಗಿತು. 2014ರ ಡಿಸೆಂಬರಿನ ಹೊತ್ತಿಗೆ ಮಂಡೂರಿನವರೂ ಬಾಗಿಲು ಹಾಕಿಸಿದರು. ಮುಂದೆ ಕಲ್ಲುಕ್ವಾರಿಗಳ ಸರದಿ. ಒಂದು ಊರು ಗೆದ್ದರೆ ಕಸ ಮುಂದಿನ ಊರಿಗೆ ಹೋಗುತ್ತದೆ. ಕರಾರು ಬರೆಯುವ ಕ್ರಮ ಮಾತ್ರ ಇದ್ದಲ್ಲೇ ಇರುತ್ತದೆ. ಕೇರಳದ ಕೊಚ್ಚಿಯಲ್ಲಿ 2023ರ ಮಾರ್ಚ್ 2ರಂದು ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು ಹತ್ತು ದಿನಕ್ಕೂ ಹೆಚ್ಚು ಕಾಲ ನಗರ ಹೊಗೆಯಲ್ಲಿ ಮುಳುಗಿತು. ಹಸಿರು ನ್ಯಾಯಮಂಡಳಿ ನಗರಪಾಲಿಕೆಗೆ 100 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಕರ್ನಾಟಕ ಸರ್ಕಾರಕ್ಕೇ 2022ರ ಅಕ್ಟೋಬರಿನಲ್ಲಿ ಕಸ ಮತ್ತು ಕೊಳಚೆಯ ದುರ್ನಿರ್ವಹಣೆಗಾಗಿ 2,900 ಕೋಟಿ ರೂಪಾಯಿ ವಿಧಿಸಿತ್ತು. ಈ ಮೊತ್ತಗಳನ್ನು ಕರಾರಿಗೆ ಸಹಿ ಹಾಕಿದವರ ಸಂಬಳದಿಂದ ಮುರಿದುಕೊಂಡ ಉದಾಹರಣೆ ಯಾರೂ ಕೇಳಿಲ್ಲ.

ಬೆಟ್ಟಗಳ ನಾಡಿಗೆ ಕ್ವಾರಿಯ ಮಾತು ಬಂದಾಗ ಹೆಚ್ಚು ಎಚ್ಚರ ಬೇಕು. 'ಕಲ್ಲು ತೆಗೆದ ಗುಂಡಿ ಹೇಗೂ ಖಾಲಿ ಬಿದ್ದಿದೆ' ಎಂಬ ವಾದ ಕಚೇರಿಯ ನಕಾಶೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಈ ಸೀಮೆಯ ಗ್ರಾನೈಟ್ ಬಂಡೆಯ ಹೊಟ್ಟೆಯಲ್ಲಿ ನೀರಿಲ್ಲ, ಅದರ ಬಿರುಕುಗಳಲ್ಲಿದೆ. ಸಿಡಿಮದ್ದಿನಿಂದ ಸೀಳಿದ ಕ್ವಾರಿಯ ತಳದಲ್ಲಿ ಆ ಬಿರುಕುಗಳು ಇನ್ನೂ ಅಗಲ. ಅಲ್ಲಿ ಸುರಿದ ಕಸದ ಕಪ್ಪುರಸ ಯಾವ ಬಿರುಕು ಹಿಡಿದು ಎಷ್ಟು ದೂರದ ಯಾರ ಕೊಳವೆಬಾವಿಗೆ ಇಳಿಯುತ್ತದೆಂದು ಮೇಲೆ ನಿಂತು ಹೇಳಬಲ್ಲವರಿಲ್ಲ. ಹೊಂಡವು ಕೆರೆಯಿಂದ, ಬಾವಿಯಿಂದ, ಮನೆಗಳಿಂದ 200 ಮೀಟರ್ ದೂರವಿರಬೇಕೆಂದು 2016ರ ನಿಯಮ ಹೇಳಿತ್ತು. ಬಿರುಕಿಗೆ ಆ ಮೀಟರಿನ ಲೆಕ್ಕ ತಿಳಿಯದು. ತಿಪ್ಪಗೊಂಡನಹಳ್ಳಿ, ಮಂಚನಬೆಲೆ ಜಲಾಶಯಗಳೂ ಕಣ್ವಾ ನದಿಯ ಮೂಲವೂ ಮಾಗಡಿ ಸೀಮೆಯಲ್ಲಿವೆ. ರಾಮದೇವರ ಬೆಟ್ಟದ 346 ಹೆಕ್ಟೇರನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿ ದೇಶಕ್ಕೇ ಮೊದಲನೆಯದೆಂದು ಹೆಮ್ಮೆಪಡಲಾಯಿತು. ತೆರೆದ ಕಸದ ರಾಶಿಯಿದ್ದಲ್ಲಿ ಬೀದಿನಾಯಿಗಳ ಹಿಂಡು ಬೆಳೆಯುತ್ತದೆ, ನಾಯಿಯ ಹಿಂದೆ ಚಿರತೆ ಹಟ್ಟಿಯವರೆಗೆ ಇಳಿಯುತ್ತದೆ, ಹದ್ದಿಗೆ ಸಿಗಬೇಕಾದ ಸತ್ತ ದನ ನಾಯಿಗಳ ಪಾಲಾಗುತ್ತದೆ. ಹಾಗೂ ಯಾವ ಟೆಂಡರಿನ ಷರತ್ತಿನಲ್ಲಿಯೂ ನಾಯಿ ಎಂಬ ಪದ ಬರುವುದಿಲ್ಲ!

ಬೇರೆ ದಾರಿ ಇಲ್ಲವೆನ್ನುವವರು ಉಡುಪಿ ಜಿಲ್ಲೆಯ ಕಡೆ ನೋಡಬಹುದು. ಕುಂದಾಪುರ ಭಾಗದ ವಂಡ್ಸೆ ಗ್ರಾಮ ಪಂಚಾಯಿತಿ ಮನೆಮನೆಯಿಂದ ಕಸ ಸಂಗ್ರಹಿಸಿ, ಹಸಿಯನ್ನು ಗೊಬ್ಬರವಾಗಿಸಿ, ಒಣಗಿದ್ದನ್ನು ಬಗೆಬಗೆಯಾಗಿ ವಿಂಗಡಿಸಿ ಮಾರಿ ಹೆಸರಾಯಿತು. ಕಾರ್ಕಳದ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣ ಕಸವನ್ನು ವಿಂಗಡಿಸುವ ಘಟಕವೊಂದು ದಿನಕ್ಕೆ 10 ಟನ್ ಸಾಮರ್ಥ್ಯದಲ್ಲಿ ಎದ್ದಿತು. ಅವು ದೋಷವಿಲ್ಲದ ಮಾದರಿಗಳೆಂದು ಯಾರೂ ಹೇಳುತ್ತಿಲ್ಲ. ಆದರೆ ಅಲ್ಲಿ ಕಸ ಯಾರದೋ ಕರಾರೂ ಅವರದೇ, ಲೆಕ್ಕ ಕೇಳಬೇಕಾದರೆ ಪಂಚಾಯಿತಿಯ ಕಟ್ಟೆಯವರೆಗೆ ನಡೆದರೆ ಸಾಕು.

ಆದ್ದರಿಂದ ನಾಲ್ಕು ತಾಲ್ಲೂಕುಗಳ ಜನ ಒತ್ತಾಯಿಸಬೇಕಾದುದು ಇಷ್ಟು. ಕಸದ ಯಾವುದೇ ದೀರ್ಘಾವಧಿಯ ಗುತ್ತಿಗೆಯ ಕರಡನ್ನು, ಟೆಂಡರು ಕರೆಯುವ ಮೊದಲೇ, ಕನ್ನಡದಲ್ಲಿ ಅಚ್ಚು ಹಾಕಿಸಿ ನಗರಸಭೆ ಪುರಸಭೆಗಳ ಫಲಕದಲ್ಲಿಯೂ ಘಟಕ ಬರಲಿರುವ ಗ್ರಾಮ ಪಂಚಾಯಿತಿಯಲ್ಲಿಯೂ ಕನಿಷ್ಠ ಎರಡು ತಿಂಗಳು ಇಡಬೇಕು. ಆಡಳಿತಾಧಿಕಾರಿಯ ಕಾಲದಲ್ಲಿ ಒಂದು ವರ್ಷಕ್ಕಿಂತ ಹೆಚ್ಚಿನ ಕರಾರಿಗೆ ಸಹಿಯೇ ಕೂಡದು. ಕಸವನ್ನು ಹೊರಬೇಕಾದ ಪಂಚಾಯಿತಿ ಕರಾರಿನ ಮೂರನೆಯ ಪಕ್ಷವಾಗಬೇಕು. ಷರತ್ತು ಮುರಿದ ದಿನ ಲಾರಿಯನ್ನು ತಡೆಯುವ ಅಧಿಕಾರ ಅದರ ಕೈಯಲ್ಲಿರಬೇಕು. ಕನಿಷ್ಠ ಪ್ರಮಾಣದ ಖಾತರಿಯನ್ನು ಯಾವ ರೂಪದಲ್ಲಿಯೂ ಒಪ್ಪಬಾರದು. ತೂಕದ ಚೀಟಿ, ಬೂದಿಯ ಪರೀಕ್ಷೆ, ನೀರಿನ ಪರೀಕ್ಷೆ ಪ್ರತಿ ತಿಂಗಳೂ ಪಂಚಾಯಿತಿಯ ಗೋಡೆಗೆ ಬರಬೇಕು.

ಕಾಯುತ್ತ ಕೂರಬೇಕಾಗಿಯೂ ಇಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿಯಿದೆ. ಹಾಗಾಗಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೇಳಿದರೆ ತಿರಸ್ಕರಿಸಲು ನೆಪ ಸಿಗುತ್ತದೆ. ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಹಂಚಿಕೊಂಡರೆ ಕೆಲಸ ಹಗುರ. ಒಬ್ಬರು ತಮ್ಮ ಪಟ್ಟಣದಲ್ಲಿ ಜಾರಿಯಲ್ಲಿರುವ ಕಸದ ಗುತ್ತಿಗೆಯ ಮೂಲ ಕರಾರನ್ನು ಕೇಳಲಿ, ಇನ್ನೊಬ್ಬರು ಅದರ ಪೂರಕ ಒಪ್ಪಂದಗಳನ್ನು, ಮತ್ತೊಬ್ಬರು ಕಳೆದ ಹನ್ನೆರಡು ತಿಂಗಳ ತೂಕದ ಪುಸ್ತಕ ಮತ್ತು ಬಿಲ್ಲುಗಳನ್ನು, ನಾಲ್ಕನೆಯವರು ಆ ಕರಾರನ್ನು ಅನುಮೋದಿಸಿದ ಸಭೆಯ ನಡಾವಳಿಯನ್ನು. ನಡಾವಳಿಯಲ್ಲಿ ಚರ್ಚೆ ಎಷ್ಟು ಸಾಲು ಇದೆ ಎಂದು ಎಣಿಸಿ ನೋಡಲಿ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನಗಳಿವೆ. ಬಂದ ಪುಟಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು.